ಪಾರ್ಕಿಗೆ ಸೆನ್ಸರ್ ಹಾಕುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ದಕ್ಷಿಣದಲ್ಲಿರುವ ನಮ್ಮ ಬಡಾವಣೆಯ ಪಾರ್ಕು ಹೆಚ್ಚುಕಡಿಮೆ ಅರ್ಧ ಎಕರೆ. ಮೂರು ವರ್ಷದಿಂದ ನಾಲ್ಕೈದು ಜನ ಸೇರಿಕೊಂಡು ಅಲ್ಲಿ ಮಣ್ಣಿನ ತೇವ, ನೀರಿನ ಹರಿವು ಅಳೆಯುವ ಸೆನ್ಸರ್ ಹಾಕುವುದು, ಅದು ಕೆಡುವುದು, ನಾವು ರಿಪೇರಿ ಮಾಡುವುದು ನಡೆಸಿದ್ದೇವೆ. ಅಕ್ಕಪಕ್ಕದ ಬಡಾವಣೆಯವರು ಬಂದು ನೋಡಿ ಕೇಳುವುದು ಅವೇ ಪ್ರಶ್ನೆ. ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ಟೈಪ್ ಮಾಡಿ ಬೆರಳು ನೋಯಲು ಶುರುವಾಯಿತು, ಅದಕ್ಕೆ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಇದು ಏನು ಅಂತ ಸರಳವಾಗಿ ಹೇಳಿ.

ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಒಂದು ಚಿಪ್, ಒಂದು ಬ್ಯಾಟರಿ, ಒಂದು ಆಂಟೆನಾ. ಹೊರಗೆ ಮಣ್ಣಿಗೋ ಪೈಪಿಗೋ ಹೋಗುವ ಒಂದು ವೈರು, ಅದರ ತುದಿಯಲ್ಲಿ ಸೆನ್ಸರ್. ಗಂಟೆಗೊಂದು ಸಲ ಎಚ್ಚರವಾಗಿ, ಅಳೆದು, ಆ ಅಂಕಿಯನ್ನು ಕಳಿಸಿ ಮತ್ತೆ ನಿದ್ದೆ ಹೋಗುತ್ತದೆ. ಐಒಟಿ, ಇಂಟರ್ನೆಟ್ ಆಫ್ ಥಿಂಗ್ಸ್ ಅಂತ ದೊಡ್ಡದಾಗಿ ಹೇಳುವುದು ಇದಕ್ಕೇ.

ಮಾಲಿ ಇದ್ದಾರಲ್ಲ? ಮಣ್ಣು ಮುಟ್ಟಿ ನೋಡಿದರೆ ತೇವ ಇದೆಯೋ ಇಲ್ಲವೋ ಅವರಿಗೆ ಗೊತ್ತಾಗಲ್ವಾ?

ಗೊತ್ತಾಗುತ್ತದೆ. ನಮ್ಮ ಎಲ್ಲ ಡಬ್ಬಿಗಳಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ತೊಂದರೆ ಏನಪ್ಪಾ ಅಂದ್ರೆ, ನಮ್ಮ ಮಾಲಿಗೆ ನಮ್ಮದೊಂದೇ ಪಾರ್ಕು ಅಲ್ಲ, ಇನ್ನೂ ಎರಡು ಇವೆ. ಇಲ್ಲಿ ವಾಲ್ವ್ ತೆರೆದು, ಸೈಕಲ್ ಹತ್ತಿ ಅಲ್ಲಿಗೆ ಹೋಗಿ, ಅಲ್ಲಿ ಗುಡಿಸಿ, ವಾಪಸ್ ಬರುವ ಹೊತ್ತಿಗೆ ಇಲ್ಲಿ ನೀರು ರಸ್ತೆಗೆ ಹರಿದಿರುತ್ತದೆ. ಕೆರೆಯ ಊರುಗಳಲ್ಲಿ ನೀರುಗಂಟಿ ಅಂತ ಒಬ್ಬರಿರುತ್ತಿದ್ದರು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿ ತೂಬು ತೆಗೆದು ಮುಚ್ಚುವುದು ಅವರ ಕೆಲಸ. ದಿನವಿಡೀ ಅದೇ ಕೆಲಸವಾದ್ದರಿಂದ ಅವರ ಕಣ್ಣು ತಪ್ಪುತ್ತಿರಲಿಲ್ಲ. ನಮ್ಮ ಮಾಲಿಗೆ ಆ ಪುರುಸೊತ್ತು ಇಲ್ಲ. ತಾನು ನಿಂತಿರದ ಪಾರ್ಕಿನ ಮಣ್ಣು ಹೇಗಿದೆ ಅಂತ ಅವರಿಗೆ ತಿಳಿಸುವುದಷ್ಟೇ ಸೆನ್ಸರಿನ ಕೆಲಸ.

ನಾವು ಮಾಡಿದ ಮೊದಲ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊದಲ ಆರು ತಿಂಗಳು ಅಂಕಿಗಳೆಲ್ಲ ನಮ್ಮ ಫೋನಿಗೆ ಮಾತ್ರ ಬರುತ್ತಿದ್ದವು. ಚೆಂದದ ಗ್ರಾಫು, ಹಸಿರು ಗೆರೆ, ಕೆಂಪು ಗೆರೆ. ಸಂಜೆ ವಾಕಿಂಗ್ ಹೋದಾಗ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದೆವು. ಗ್ರಾಫಿನಲ್ಲಿ ಮಣ್ಣು ಒದ್ದೆ, ಎದುರಿಗೇ ಸ್ಪ್ರಿಂಕ್ಲರ್ ಓಡುತ್ತಿದೆ! ಒಂದು ದಿನ ಮಾಲಿಯೇ ಕೇಳಿದರು, "ಫೋನಲ್ಲಿ ಏನು ನೋಡ್ತಿರ್ತೀರಾ ಸಾರ್ ದಿನಾ?" ವಿವರಿಸಿದೆ. "ಅಯ್ಯೋ, ಅದನ್ನ ನನಗೆ ಹೇಳಿದ್ರೆ ನಾನು ವಾಲ್ವೇ ತಿರುಗಿಸ್ತಿರಲಿಲ್ಲ ಅಲ್ವಾ?" ಅಂದರು. ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಈಗ ಅವರಿಗೆ ಹೇಗೆ ತಿಳಿಸುತ್ತೀರಿ?

ಬೆಳಿಗ್ಗೆ ಐದೂವರೆಗೆ ಅವರ ಫೋನಿಗೆ ಒಂದು ಧ್ವನಿ ಸಂದೇಶ ಹೋಗುತ್ತದೆ. "ಗೇಟಿನ ಹತ್ತಿರದ ಹುಲ್ಲಿಗೆ ಇವತ್ತು ನೀರು ಬೇಡ. ಆಟದ ಜಾಗದ ಪಕ್ಕ ಇಪ್ಪತ್ತು ನಿಮಿಷ ಬಿಡಿ." ಅಷ್ಟೇ. ಅಂಕಿ ಇಲ್ಲ, ಪರ್ಸೆಂಟ್ ಇಲ್ಲ. ಮೊದಲು ಮೆಸೇಜ್ ಟೈಪ್ ಮಾಡಿ ಕಳಿಸುತ್ತಿದ್ದೆವು, ಅವರಿಗೆ ಓದುವುದು ಕಷ್ಟ ಅಂತ ಗೊತ್ತಾಗಲು ಎರಡು ವಾರ ಹಿಡಿಯಿತು, ಯಾಕಂದ್ರೆ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಸಂದೇಶ ತಪ್ಪು ಅನ್ನಿಸಿದರೆ ಅದನ್ನು ಬಿಟ್ಟು ತಮಗೆ ಸರಿ ಕಂಡಂತೆ ಮಾಡುವ ಹಕ್ಕು ಅವರದ್ದೇ. ಹಾಗೆ ಮಾಡಿದ ದಿನ ನಮಗೆ ಹೇಳುತ್ತಾರೆ, ಹೆಚ್ಚಿನ ಸಲ ಸೆನ್ಸರೇ ತಪ್ಪಾಗಿರುತ್ತದೆ.

ನಿಜವಾಗಲೂ ನೀರು ಉಳಿಯುತ್ತಾ? ಸುಮ್ನೆ ಶೋಕಿ ಅಲ್ಲ ತಾನೆ?

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಅರ್ಧ ಎಕರೆ ಅಂದರೆ ಸುಮಾರು 2,000 ಚದರ ಮೀಟರ್. ಅಷ್ಟಕ್ಕೂ ಐದು ಮಿಲಿಮೀಟರ್ ನೀರು ಬಿಟ್ಟರೆ 10,000 ಲೀಟರ್ ಆಯಿತು. 6,000 ಲೀಟರಿನ ಟ್ಯಾಂಕರ್ ಆದರೆ ಹೆಚ್ಚುಕಡಿಮೆ ಎರಡು. ರಾತ್ರಿ ಮಳೆ ಬಂದಿದ್ದನ್ನು ನೋಡದೆ ಬೆಳಿಗ್ಗೆ ಒಂದೇ ಒಂದು ದಿನ ನೀರು ಬಿಟ್ಟರೆ ಇಷ್ಟು ಹೋಯಿತು.

2024ರ ಬೇಸಿಗೆ ಯಾರಿಗೂ ಮರೆತಿರಲಿಕ್ಕಿಲ್ಲ. ಬೋರ್‌ವೆಲ್‌ಗಳು ಒಣಗಿದವು, ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಯಿತು, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಪಾರ್ಕಿನ ನೀರಿನ ಬಗ್ಗೆ ಜನ ಬಾಯಿಬಿಟ್ಟು ಜಗಳ ಮಾಡಿದ್ದು ಆಗಲೇ.

ಆದರೆ ನಮಗೆ ಜಾಸ್ತಿ ನೀರು ಉಳಿಸಿಕೊಟ್ಟಿದ್ದು ಮಣ್ಣಿನ ಸೆನ್ಸರ್ ಅಲ್ಲ, ನೀರಿನ ಮೀಟರ್. ಹತ್ತು ಲೀಟರ್ ಹರಿದಾಗಲೆಲ್ಲ ಒಂದು ಸಿಗ್ನಲ್ ಕೊಡುವ ಮೀಟರನ್ನು ಮೇನ್ ಪೈಪಿಗೆ ಹಾಕಿಸಿದೆವು. ಮೊದಲ ರಾತ್ರಿಯೇ ವಿಚಿತ್ರ. ವಾಲ್ವ್ ಎಲ್ಲ ಬಂದ್, ಗೇಟಿಗೆ ಬೀಗ, ಆದರೂ ಎರಡು ಗಂಟೆಗೆ, ಮೂರು ಗಂಟೆಗೆ, ನಾಲ್ಕು ಗಂಟೆಗೆ ಸಿಗ್ನಲ್ ಬರುತ್ತಲೇ ಇದೆ. ಮೀಟರ್ ಕೆಟ್ಟಿದೆ ಅಂತ ಬೈದುಕೊಂಡೆವು. ಮೂರನೇ ದಿನ ಮಾಲಿ, ನಾನು ಟಾರ್ಚ್ ಹಿಡಿದು ಪೈಪ್ ಹೋದ ದಾರಿಯಲ್ಲೇ ನಡೆದೆವು. ಹೊಂಗೆ ಮರದ ಬುಡದಲ್ಲಿ ನನ್ನ ಚಪ್ಪಲಿ ಪಚಕ್ ಅಂತ ಇಳಿಯಿತು. ಕಾಲು ಎತ್ತಿದರೆ ಹೆಜ್ಜೆಯ ಗುಂಡಿಯಲ್ಲಿ ನಿಧಾನವಾಗಿ ನೀರು ತುಂಬಿಕೊಂಡಿತು. ಪಕ್ಕದಲ್ಲಿ ಒಂದು ಕಪ್ಪೆ ಆರಾಮಾಗಿ ಕೂತಿತ್ತು. ಬೇರು ಒತ್ತಿ ಪೈಪಿನ ಜಾಯಿಂಟ್ ಬಿಟ್ಟಿತ್ತು. ಇಡೀ ಪಾರ್ಕಿನಲ್ಲಿ ಅಲ್ಲಿನ ಹುಲ್ಲು ಮಾತ್ರ ಬೇಸಿಗೆಯಲ್ಲೂ ಹಸಿರಾಗಿರುತ್ತಿತ್ತು, ಹೊಂಗೆ ನೆರಳು ಎಷ್ಟು ತಂಪು ನೋಡಿ ಅಂತ ನಾವು ಫೋಟೋ ಬೇರೆ ಹಾಕಿದ್ದೆವು.

ಮಣ್ಣಿಗೆ ಯಾವ ಸೆನ್ಸರ್ ತಗೋಬೇಕು?

ಎರಡು ಕಡ್ಡಿ ಚುಚ್ಚಿ ಕರೆಂಟ್ ಹರಿಸಿ ಅಳೆಯುವ ಅಗ್ಗದ್ದು ಬೇಡ. ಕೆಲವೇ ವಾರಗಳಲ್ಲಿ ಕಡ್ಡಿ ತುಕ್ಕು ಹಿಡಿಯುತ್ತದೆ. ಕೆಪ್ಯಾಸಿಟಿವ್ ಅಂತ ಬರುವುದನ್ನು ತಗೊಳ್ಳಿ, ಅದರಲ್ಲಿ ಲೋಹ ಮಣ್ಣಿಗೆ ನೇರವಾಗಿ ತಾಗುವುದಿಲ್ಲ. ಅದರ ಅಂಚಿಗೂ ಮೇಲಿನ ಸರ್ಕ್ಯೂಟಿಗೂ ಎಪಾಕ್ಸಿ ಅನ್ನುವ ನೀರು ಬಿಡದ ಅಂಟು ಬಳಿಯಬೇಕು, ಇಲ್ಲದಿದ್ದರೆ ಅಂಚಿನಿಂದ ನೀರು ಕುಡಿದು ಅದೂ ಸಾಯುತ್ತದೆ.

ಆಮೇಲೆ ನಿಮ್ಮ ಮಣ್ಣಿನಲ್ಲೇ ಅದನ್ನು ಹದ ಮಾಡಬೇಕು, ಅಂದರೆ ಯಾವ ಅಂಕಿ ಬಂದರೆ ಮಣ್ಣು ಒಣ, ಯಾವುದು ಬಂದರೆ ಒದ್ದೆ ಅಂತ ಗೊತ್ತುಮಾಡಿಕೊಳ್ಳಬೇಕು. ಪಾರ್ಕಿನ ಕೆಂಪು ಮಣ್ಣನ್ನು ಒಂದು ಡಬ್ಬದಷ್ಟು ತಂದು, ತಾರಸಿ ಮೇಲೆ ಪೇಪರ್ ಹಾಸಿ ನಾಲ್ಕು ದಿನ ಒಣಗಿಸಿ. ತಳದಲ್ಲಿ ತೂತಿರುವ ಡಬ್ಬದಲ್ಲಿ ಅದನ್ನು ತುಂಬಿ, ಸೆನ್ಸರ್ ಚುಚ್ಚಿ, ಅಂಕಿ ಬರೆದುಕೊಳ್ಳಿ. ಅದು ಒಣ ಮಣ್ಣು. ಈಗ ತಳದಿಂದ ಸೋರುವವರೆಗೆ ನೀರು ಹಾಕಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ಬರೆದುಕೊಳ್ಳಿ. ಅದು ಸಾಕಷ್ಟು ನೀರು ಕುಡಿದ ಮಣ್ಣು. ನಿಮ್ಮ ಅಳತೆಗೋಲು ಈ ಎರಡರ ನಡುವೆ ಇದೆ. ಕಂಪನಿಯವರು ಕೊಟ್ಟ ಅಂಕಿ ಯಾವ ಊರಿನ ಮಣ್ಣಿನದ್ದೋ ಏನೋ.

ಇನ್ನೊಂದು ವಿಷಯ. ಪಾರ್ಕಿಗೆ ಶುದ್ಧೀಕರಿಸಿದ ಕೊಳಚೆ ನೀರು ಬಳಸುವುದು ಒಳ್ಳೆಯದೇ, ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡರಲ್ಲೂ ಅದಕ್ಕೆ ಘಟಕ ಇದೆ. ಆದರೆ ಆ ನೀರಿನಲ್ಲಿ ಉಪ್ಪಿನಂಶ ಜಾಸ್ತಿ ಇದ್ದರೆ ಅಗ್ಗದ ಸೆನ್ಸರುಗಳು ಮಣ್ಣು ಇರುವುದಕ್ಕಿಂತ ಒದ್ದೆ ಅಂತ ತೋರಿಸುತ್ತವೆ. ಹಾಗಾಗಿ ಹದ ಮಾಡುವಾಗಲೂ ಪಾರ್ಕಿನ ನೀರನ್ನೇ ಬಳಸಿ, ಅಡುಗೆಮನೆಯದ್ದಲ್ಲ.

ಪಾರ್ಕಿನಲ್ಲಿ ವೈಫೈ ಇಲ್ಲ, ಪ್ಲಗ್ ಪಾಯಿಂಟೂ ಇಲ್ಲ. ಹೇಗೆ ಕಳಿಸುವುದು?

ಲೋರಾ ಅಂತ ಒಂದು ರೇಡಿಯೋ ತಂತ್ರಜ್ಞಾನ ಇದೆ. ತುಂಬ ನಿಧಾನ, ಫೋಟೋ ವಿಡಿಯೋ ಎಲ್ಲ ಹೋಗಲ್ಲ, ಆದರೆ ಒಂದೆರಡು ಅಂಕಿಯನ್ನು ಕಡಿಮೆ ಬ್ಯಾಟರಿಯಲ್ಲಿ ತುಂಬ ದೂರ ಕಳಿಸುತ್ತದೆ. ಬಯಲಿನಲ್ಲಾದರೆ ಹಲವು ಕಿಲೋಮೀಟರ್. ನಮ್ಮಂಥ ಒತ್ತೊತ್ತು ಮನೆಗಳ ನಡುವೆ ಒಂದೆರಡು ಕಿಲೋಮೀಟರ್ ಸಿಕ್ಕಿದರೆ ಪುಣ್ಯ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಇದಕ್ಕೆ ಲೈಸೆನ್ಸ್ ಬೇಕಿಲ್ಲ. ಅಮೆರಿಕಕ್ಕೆ ಮಾಡಿದ 915 ಮೆಗಾಹರ್ಟ್ಸ್‌ನದ್ದು ಕಡಿಮೆ ರೇಟಿಗೆ ಸಿಕ್ಕಿತು ಅಂತ ತರಬೇಡಿ, ಇಲ್ಲಿ ಅದನ್ನು ಬಳಸುವ ಹಾಗಿಲ್ಲ.

ಸಿಗ್ನಲ್ ಹಿಡಿಯುವ ಗೇಟ್‌ವೇ ಒಂದು ಎತ್ತರದ ಜಾಗದಲ್ಲಿರಬೇಕು. ನಮ್ಮದು ಮೂರನೇ ಮಹಡಿಯ ಮೇಲೆ, ಒಬ್ಬ ಅಜ್ಜಿಯ ಮನೆಯ ನೀರಿನ ಟ್ಯಾಂಕಿನ ಪಕ್ಕ ಇದೆ. ಕರೆಂಟು, ಇಂಟರ್ನೆಟ್ ಎರಡೂ ಅವರದ್ದೇ. ಬಾಡಿಗೆ ಅಂತ ಅವರು ಕೇಳಿದ್ದು, ಪಾರ್ಕಿನ ಕರಿಬೇವಿನ ಗಿಡದಿಂದ ವಾರಕ್ಕೊಂದು ಕಡ್ಡಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2015ರಲ್ಲಿ ಜನರೇ ಸೇರಿ ಹತ್ತು ಗೇಟ್‌ವೇಗಳಲ್ಲಿ ಇಡೀ ಊರಿಗೆ ಇಂಥ ಜಾಲ ಮಾಡಿಕೊಂಡರು, ದಿ ಥಿಂಗ್ಸ್ ನೆಟ್‌ವರ್ಕ್ ಹುಟ್ಟಿದ್ದು ಹಾಗೆ. ನೀವೂ ನಿಮ್ಮ ಗೇಟ್‌ವೇಯನ್ನು ಅದಕ್ಕೆ ಸೇರಿಸಬಹುದು, ಬೇರೆಯವರ ಗೇಟ್‌ವೇ ನಿಮಗೂ ಸಿಗಬಹುದು.

ಮಳೆಗಾಲದಲ್ಲಿ ಒದ್ದೆ ಎಲೆಗಳು ಸಿಗ್ನಲ್ ನುಂಗುತ್ತವೆ. ಬೇಸಿಗೆಯಲ್ಲಿ ಪರೀಕ್ಷೆ ಮಾಡಿ ಸರಿ ಇದೆ ಅಂದುಕೊಂಡಿದ್ದು ಜುಲೈನಲ್ಲಿ ಕೈಕೊಡುತ್ತದೆ.

ಗಾಳಿಯ ಗುಣಮಟ್ಟ ಅಳೆಯಬಹುದಾ?

ಅಳೆಯಬಹುದು, ಆದರೆ ಅಂಕಿ ನೋಡಿ ಗಾಬರಿಯಾಗಬೇಡಿ, ಖುಷಿಯನ್ನೂ ಪಡಬೇಡಿ. ಪಿಎಂ 2.5 ಅಂದರೆ ಗಾಳಿಯಲ್ಲಿ ತೇಲುವ ತೀರಾ ಸಣ್ಣ ಧೂಳಿನ ಕಣಗಳು. ಅದನ್ನು ಅಳೆಯುವ, ಕೆಲವು ಸಾವಿರಕ್ಕೆ ಸಿಗುವ ಸೆನ್ಸರಿನೊಳಗೆ ಒಂದು ಪುಟ್ಟ ಫ್ಯಾನು, ಒಂದು ಲೇಸರ್ ಇರುತ್ತವೆ. ಧೂಳಿನ ಕಣಕ್ಕೆ ಬೆಳಕು ಬಡಿದು ಚದುರುವುದನ್ನು ನೋಡಿ ಅದು ಅಂದಾಜು ಮಾಡುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಡಿಸೆಂಬರ್ ಬೆಳಗಿನ ಮಂಜನ್ನೂ ಅದು ಹೊಗೆ ಅಂದುಕೊಳ್ಳುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರದ ಹತ್ತಿರ ಕೆಲವು ವಾರ ಇಟ್ಟು ಹೋಲಿಸಿದರೆ ಎಷ್ಟು ಸುಳ್ಳು ಹೇಳುತ್ತಿದೆ ಅಂತ ಗೊತ್ತಾಗುತ್ತದೆ. 24 ಗಂಟೆಯ ಸರಾಸರಿಗೆ ನಮ್ಮ ದೇಶದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಯಾವ ಮಿತಿಗೆ ಹೋಲಿಸುತ್ತಿದ್ದೀರಿ ಅಂತ ಹೇಳದೆ ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕಿದರೆ ಸುಮ್ನೆ ಜಗಳ.

ಏರಿಳಿತ ನೋಡಲು ಮಾತ್ರ ಇದು ಚೆನ್ನಾಗಿದೆ. ನಮ್ಮದು ದಿನಾ ಬೆಳಿಗ್ಗೆ ಏಳಕ್ಕೆ ಜಿಗಿಯುತ್ತಿತ್ತು. ಹೋಗಿ ನೋಡಿದರೆ ಹಿಂದಿನ ಮೂಲೆಯಲ್ಲಿ ತರಗೆಲೆಗೆ ಬೆಂಕಿ. ಈಗ ಅಲ್ಲಿ ಗೊಬ್ಬರದ ಗುಂಡಿ ಇದೆ.

ನಮ್ಮ ಬೀದಿಗೆ ಮಳೆ ನೀರು ನುಗ್ಗುತ್ತೆ. ಅದಕ್ಕೆ ಏನಾದ್ರೂ ಉಂಟಾ?

ಉಂಟು, ನನ್ನ ಕೇಳಿದರೆ ಪಾರ್ಕಿಗಿಂತ ಮೊದಲು ಇದನ್ನೇ ಮಾಡಬೇಕು. ಚರಂಡಿಯ ಅಥವಾ ರಾಜಕಾಲುವೆಯ ಮೇಲೆ ನೀರಿನ ಮಟ್ಟ ನೋಡುವ ಸೆನ್ಸರ್ ಇಟ್ಟರೆ, ನೀರು ಏರುವಾಗಲೇ ತಳಮಹಡಿಯವರಿಗೆ ಸುದ್ದಿ ಹೋಗುತ್ತದೆ. ಕಾರು ಎತ್ತಿಡಲು, ಮಿಕ್ಸಿ ಗ್ರೈಂಡರ್ ಮೇಲೆ ಇಡಲು ಇಪ್ಪತ್ತು ನಿಮಿಷ ಸಿಕ್ಕರೂ ದೊಡ್ಡದು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಜನರನ್ನು ಟ್ರಾಕ್ಟರಿನಲ್ಲಿ ಸಾಗಿಸಿದ್ದು ನೋಡಿದ್ದೇವಲ್ಲ.

ಶಬ್ದ ಕಳಿಸಿ ಪ್ರತಿಧ್ವನಿ ಕೇಳಿ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಅಗ್ಗ. ಆದರೆ ಜೇಡ ಅದರ ಮುಂದೆ ಬಲೆ ಕಟ್ಟಿದರೆ ಪ್ರವಾಹ ಬಂತು ಅಂತ ಕೂಗುತ್ತದೆ. ನೊರೆ ಬಂದರೆ ಶಬ್ದ ವಾಪಸ್ ಬರುವುದೇ ಇಲ್ಲ, ಬೆಳ್ಳಂದೂರು, ವರ್ತೂರು ಕೆರೆಗಳ ಊರಲ್ಲಿ ನೊರೆಗೇನು ಬರ ಇಲ್ಲ. ದುಡ್ಡು ಇದ್ದರೆ ರಾಡಾರ್ ಬಗೆಯದ್ದು ವಾಸಿ.

ಯಾವ ಮಟ್ಟಕ್ಕೆ ಎಚ್ಚರಿಕೆ ಕೊಡಬೇಕು ಅನ್ನುವುದನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಬೀದಿಯ ಹಳೆಯ ಮನೆಗೆ ಹೋಗಿ ಕೇಳಿ. ನಮಗೆ ಒಬ್ಬರು ಅಂಗಡಿಯ ಗೋಡೆ ತೋರಿಸಿದರು, ಯಾವ ಮಳೆಗೆ ಎಲ್ಲಿವರೆಗೆ ಬಂತು ಅಂತ ಇದ್ದಿಲಲ್ಲಿ ಗೆರೆ ಎಳೆದಿಟ್ಟಿದ್ದರು. ಅದಕ್ಕೇ ಸರಿಹೊಂದಿಸಿದೆವು. ಜೊತೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಮೇಘ ಸಂದೇಶ ಆ್ಯಪ್ ಇದೆ, ಊರೊಳಗೆ ಎಲ್ಲಿ ಎಷ್ಟು ಮಳೆ ಬರುತ್ತಿದೆ ಅಂತ ತೋರಿಸುತ್ತದೆ. ಇರುವುದನ್ನೇ ಮತ್ತೆ ಕಟ್ಟಲು ಹೋಗಬೇಡಿ.

ಪಾರ್ಕಿಗೆ ಎಷ್ಟು ಜನ ಬರುತ್ತಾರೆ ಅಂತ ಕ್ಯಾಮೆರಾ ಹಾಕಿ ಎಣಿಸಬಹುದಾ?

ಬೇಡ. ನಮ್ಮ ಸಂಘದ ಮೀಟಿಂಗಿನಲ್ಲೂ ಈ ಮಾತು ಬಂತು, ಎಣಿಸುವುದಕ್ಕೆ ಅಂತ ಶುರುವಾಗಿ ಹತ್ತೇ ನಿಮಿಷದಲ್ಲಿ "ಸಂಜೆ ಬೆಂಚಿನ ಮೇಲೆ ಕೂರುವ ಜೋಡಿಗಳು" ಅನ್ನುವಲ್ಲಿಗೆ ಹೋಯಿತು. ಕ್ಯಾಮೆರಾ ಬಂದರೆ ಹೀಗೇ ಆಗುವುದು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕರೆಂಟ್ ಉಳಿಯುತ್ತದೆ, ಟ್ರಾಫಿಕ್ ಎಣಿಸಬಹುದು ಅಂತ ಹೇಳಿ ಮೂರು ಸಾವಿರಕ್ಕೂ ಜಾಸ್ತಿ ಬೀದಿ ದೀಪಗಳಿಗೆ ಕ್ಯಾಮೆರಾ ಇರುವ ಸೆನ್ಸರ್ ಹಾಕಿದರು. ಪೊಲೀಸರು ಅದರ ವಿಡಿಯೋ ಬಳಸುತ್ತಿದ್ದಾರೆ ಅಂತ ಜನರಿಗೆ ಆಮೇಲೆ ಗೊತ್ತಾಗಿ ಗಲಾಟೆ ಎದ್ದಿತು, 2020ರಲ್ಲಿ ಮೇಯರ್ ಆಫ್ ಮಾಡಲು ಹೇಳಬೇಕಾಯಿತು. ಟೊರಾಂಟೋದಲ್ಲಿ ಗೂಗಲ್‌ನ ಸೋದರ ಕಂಪನಿ ಸೈಡ್‌ವಾಕ್ ಲ್ಯಾಬ್ಸ್ 2017ರಲ್ಲಿ ಇಡೀ ಒಂದು ಬಡಾವಣೆಯನ್ನೇ ಸೆನ್ಸರ್ ತುಂಬಿ ಕಟ್ಟುತ್ತೇನೆ ಅಂತ ಹೊರಟಿತು. ಮಾಹಿತಿ ಯಾರದ್ದು ಅನ್ನುವ ಜಗಳ ಮುಗಿಯಲೇ ಇಲ್ಲ. 2020ರ ಮೇನಲ್ಲಿ, ಕೋವಿಡ್ ಕಾಲದ ಹಣಕಾಸಿನ ಕಾರಣ ಹೇಳಿ ಕೈಬಿಟ್ಟರು.

ಎಣಿಸಲೇಬೇಕಾದರೆ ಗೇಟಿನಲ್ಲಿ ದೇಹದ ಶಾಖ ಹಿಡಿಯುವ ಇನ್ಫ್ರಾರೆಡ್ ಸೆನ್ಸರ್ ಸಾಕು. ಯಾರೋ ಹೋದರು ಅಂತ ಗೊತ್ತಾಗುತ್ತದೆ, ಯಾರು ಅಂತ ಗೊತ್ತಾಗಲ್ಲ. ಮಾಮೂಲಿ ನಾಯಿಯೂ ಲೆಕ್ಕಕ್ಕೆ ಬರುತ್ತದೆ, ಇರಲಿ ಬಿಡಿ, ಅದೂ ದಿನಾ ವಾಕಿಂಗ್ ಬರುವುದೇ.

ಬೇರೆ ಊರುಗಳಲ್ಲಿ ಚೆನ್ನಾಗಿ ನಡೆದಿದ್ದು ಯಾವುದು?

ಸ್ಪೇನ್‌ನ ಸಂತಾಂದೆರ್ ಊರಿನಲ್ಲಿ 2010ರಲ್ಲಿ ಶುರುವಾದ ಯೋಜನೆಯಲ್ಲಿ ಸಾವಿರಾರು ಸೆನ್ಸರ್ ಹಾಕಿದರು, ಪಾರ್ಕುಗಳ ಮಣ್ಣಿನ ತೇವಕ್ಕೂ ಸೇರಿ. ನನಗೆ ಅದಕ್ಕಿಂತ ಇಷ್ಟವಾಗಿದ್ದು ಲಂಡನ್ನಿನದು. ಅಲ್ಲಿನ ಒಲಿಂಪಿಕ್ ಪಾರ್ಕಿನಲ್ಲಿ 2017ರಲ್ಲಿ ಬಾವಲಿಗಳ ಕೂಗು ಹಿಡಿಯುವ 15 ಡಬ್ಬಿ ಇಟ್ಟರು. ನಮ್ಮ ಕಿವಿಗೆ ಕೇಳದ ಆ ಕೂಗು ಯಾವ ಜಾತಿಯದ್ದು ಅಂತ ಡಬ್ಬಿಯೇ ಅಲ್ಲೇ ಗುರುತು ಹಿಡಿದು, ಬರೀ ಲೆಕ್ಕವನ್ನು ಕಳಿಸುತ್ತಿತ್ತು. ಜನರ ಮಾತು ರೆಕಾರ್ಡ್ ಆಗಿ ಎಲ್ಲಿಗೋ ಹೋಗುವ ಭಯ ಇಲ್ಲ.

ಮೆಲ್ಬರ್ನ್‌ನದು ಸೆನ್ಸರೇ ಇಲ್ಲದ ಉದಾಹರಣೆ. ಸುಮಾರು 70,000 ಮರಗಳಿಗೆ ಒಂದೊಂದು ನಂಬರು, ಒಂದೊಂದು ಇಮೇಲ್ ಕೊಟ್ಟರು, ಕೊಂಬೆ ಮುರಿದರೆ ಜನ ತಿಳಿಸಲಿ ಅಂತ. ಜನ ಮರಗಳಿಗೆ ಪ್ರೇಮಪತ್ರ ಬರೆಯಲು ಶುರು ಮಾಡಿದರು! ಡಬ್ಬಿ ಕೊಳ್ಳುವ ಮೊದಲು ಇದನ್ನೂ ಯೋಚಿಸಿ. ಒಂದು ಬೋರ್ಡು, ಒಂದು ಫೋನ್ ನಂಬರಿನಲ್ಲಿ ಆಗುವ ಕೆಲಸಕ್ಕೆ ಸೆನ್ಸರ್ ಯಾಕೆ?

ಮಳೆ, ಕೋತಿ, ಕಳ್ಳತನ?

ಮಳೆಗೆ ಐಪಿ67 ಅಂತ ಗುರುತಿರುವ ಪೆಟ್ಟಿಗೆ ಸಾಕು. ವೈರನ್ನು ಪೆಟ್ಟಿಗೆಯ ಕೆಳಗಿನಿಂದಲೇ ಒಳಗೆ ತನ್ನಿ, ಮೇಲಿನಿಂದ ತಂದರೆ ನೀರೂ ಅದರ ಜೊತೆಗೇ ಬರುತ್ತದೆ. ಕಳ್ಳತನ ಒಂದೇ ಸಲ ಆಯಿತು. ಆಮೇಲೆ ಡಬ್ಬಿಯ ಮೇಲೆ "ಇದರಲ್ಲಿ ಕ್ಯಾಮೆರಾ ಇಲ್ಲ, ಮಾರಿದರೆ ದುಡ್ಡು ಬರಲ್ಲ, ಮಣ್ಣಿನ ತೇವ ಅಳೆಯುತ್ತದೆ" ಅಂತ ಕನ್ನಡದಲ್ಲಿ ಬರೆದು ಅಂಟಿಸಿದೆವು, ಇನ್ನೂ ಇದೆ. ಕೋತಿ ಆಂಟೆನಾ ಕೀಳುತ್ತದೆ, ಒಳಗೇ ಇರುವ ಆಂಟೆನಾ ತಗೊಳ್ಳಿ.

ನಿಜವಾದ ಶತ್ರು ಇರುವೆ. ಒಂದು ಡಬ್ಬಿ ನಿಂತುಹೋಯಿತು ಅಂತ ತೆರೆದರೆ ಒಳಗೆ ಸರ್ಕ್ಯೂಟೇ ಕಾಣಿಸುತ್ತಿಲ್ಲ. ಬ್ಯಾಟರಿಯ ಬೆಚ್ಚಗಿನ ಮಗ್ಗುಲಲ್ಲಿ ಬಿಳಿ ಮೊಟ್ಟೆಗಳ ರಾಶಿ, ಅದರ ಮೇಲೆ ನೂರಾರು ಇರುವೆ, ಮಧ್ಯದಲ್ಲಿ ಹಸಿರು ದೀಪ ಮಾತ್ರ ಮಿಣುಕುತ್ತಿದೆ. ವೈರು ಬರುವ ತೂತನ್ನು ಎಂ-ಸೀಲ್‌ನಿಂದ ಮುಚ್ಚಿ.

ಯಾರ ಅನುಮತಿ ಬೇಕು?

ಪಾರ್ಕು ಪಾಲಿಕೆಯದ್ದು, ನಮ್ಮ ಸಂಘದ್ದಲ್ಲ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ, ನಿಮ್ಮದು ಯಾವುದು ಅಂತ ನೋಡಿಕೊಂಡು ಅದರ ತೋಟಗಾರಿಕೆ ವಿಭಾಗಕ್ಕೆ ಪತ್ರ ಕೊಡಿ. ಏನು ಅಳೆಯುತ್ತೀರಿ, ಎಲ್ಲಿ ಅಗೆಯುತ್ತೀರಿ, ಮಾಹಿತಿ ಯಾರಿಗೆ ಕಾಣುತ್ತದೆ ಅಂತ ಒಂದು ಪುಟದಲ್ಲಿ ಬರೆಯಿರಿ. ಕೊಟ್ಟ ಪತ್ರಕ್ಕೆ ಸೀಲ್ ಹಾಕಿಸಿಕೊಳ್ಳುವುದು ಮರೆಯಬೇಡಿ.

ಖರ್ಚು?

ಚಿಪ್, ಸೆನ್ಸರು ಎಲ್ಲ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ ನೂರರ ಲೆಕ್ಕದಲ್ಲೇ ಸಿಗುತ್ತವೆ. ಒಳ್ಳೆ ಪೆಟ್ಟಿಗೆ, ಒಳ್ಳೆ ಬ್ಯಾಟರಿ, ವೈರು ಸೇರಿದರೆ ಒಳಗಿನ ಸಾಮಾನಿಗಿಂತ ಜಾಸ್ತಿ ಆಗುತ್ತದೆ. ಗೇಟ್‌ವೇಗೆ ಸಾವಿರಗಳು ಬೇಕು. ಅದಕ್ಕಿಂತ ದುಬಾರಿ ಅಂದರೆ ಭಾನುವಾರಗಳು. ತಿಂಗಳಿಗೆ ಒಂದು ಭಾನುವಾರ ಡಬ್ಬಿಗಳನ್ನು ನೋಡಲು ಯಾರೂ ಒಪ್ಪದಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ. ಕೆಟ್ಟು ನಿಂತ ಸೆನ್ಸರಿನ ಹಳೆಯ ಅಂಕಿಯನ್ನು ನಂಬಿ ಮೂರು ವಾರ ನೀರು ಬಿಡದೆ ನಾವು ಎರಡು ಸಂಪಿಗೆ ಸಸಿ ಒಣಗಿಸಿದ್ದೇವೆ.

ಸರಿ, ನಾಳೆಯಿಂದಲೇ ಶುರು ಮಾಡಬೇಕು. ಮೊದಲು ಏನು ಮಾಡಲಿ?

ಏನೂ ಕೊಳ್ಳಬೇಡಿ. ಮಾಲಿಯ ಜೊತೆ ಕೂತು ಒಂದು ಟೀ ಕುಡಿಯಿರಿ, ಎಲ್ಲಿ ನೀರು ನಿಲ್ಲುತ್ತೆ, ಎಲ್ಲಿ ಬೇಗ ಒಣಗುತ್ತೆ ಅಂತ ಕೇಳಿ. ಪಾರ್ಕಿನ ನೀರಿಗೆ ಮೀಟರ್ ಇದ್ದರೆ ಒಂದು ವಾರ ರಾತ್ರಿ ಹತ್ತಕ್ಕೆ ಒಂದು ಸಲ, ಬೆಳಿಗ್ಗೆ ಐದಕ್ಕೆ, ವಾಲ್ವ್ ತೆರೆಯುವ ಮೊದಲು, ಇನ್ನೊಂದು ಸಲ ನೋಡಿ ಬರೆದಿಡಿ. ಎರಡೂ ಅಂಕಿ ಒಂದೇ ಆಗಿರಬೇಕು. ಆಗಿಲ್ಲ ಅಂದ್ರೆ ಎಸ್‌ಪಿ ರೋಡಿಗೆ ಆಮೇಲೆ ಹೋಗುವಿರಂತೆ, ಮೊದಲು ಪ್ಲಂಬರ್‌ನ ಕರೆಸಿ.